ಕಳಿಸಿದ ಪಾರ್ಸಲ್ ತಿರುಗಿ ಮನೆಗೇ ಬಂತಾ? ಗಿರಾಕಿ ತಪ್ಪು ವಿಳಾಸ ಕೊಟ್ಟಾಗ ಮಾಡಬೇಕಾದ್ದು

ಹನ್ನೊಂದು ದಿನ ಊರು ಸುತ್ತಿ ಬಂದ ಡಬ್ಬಿ ಅದು. ಒಳಗೆ ನಲವತ್ತು ಕಡಕ್ ರೊಟ್ಟಿ ಇಟ್ಟು ಕಳಿಸಿದ್ದೆವು. ಟೇಪು ಕೊಯ್ದು ನೋಡಿದರೆ ರೊಟ್ಟಿ ಇಲ್ಲ, ನುಚ್ಚು ಇದೆ. ಅವ್ವ ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಉದುರಿಸಿ ನೋಡಿದಳು. "ತಮ್ಮಾ, ಇನ್ನ ಇದಕ್ಕ ಒಗ್ಗರಣಿ ಹಾಕೂದಷ್ಟ ಉಳದೈತಿ" ಅಂದಳು. ಕೊನೆಗೆ ಅದೂ ಆಗಲಿಲ್ಲ. ಮುಗ್ಗು ವಾಸನೆ ಬರ್ತಿತ್ತು, ಎದುರು ಮನೆಯ ಎಮ್ಮೆ ಪಾಲಾಯ್ತು.

ನಾವು ಗದಗ-ಬೆಟಗೇರಿಯವರು. ಖಣದ ಬ್ಲೌಸ್ ಪೀಸ್, ಕೈಮಗ್ಗದ ಸೀರೆ, ಜೊತೆಗೆ ಅವ್ವ ಮಾಡುವ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ರೊಟ್ಟಿ. ಇಷ್ಟನ್ನು ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇವೆ. ಅಂಗಡಿ ಇಲ್ಲ, ಹೊರಗಿನ ಕೋಣೆಯೇ ಗೋಡೌನು.

ಆ ಡಬ್ಬಿ ಹೋಗಬೇಕಿದ್ದದ್ದು ಹುಬ್ಬಳ್ಳಿಯ ನವನಗರಕ್ಕೆ. ಇಲ್ಲಿಂದ ಅರವತ್ತು ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆದರೆ ಗಿರಾಕಿ ಕಳಿಸಿದ ವಿಳಾಸದಲ್ಲಿ ಇದ್ದದ್ದು ಹೆಸರು, ಮನೆ ನಂಬರು, "ನವನಗರ", ಮತ್ತೆ 587103. ಅದು ಬಾಗಲಕೋಟೆಯ ನವನಗರದ ಪಿನ್ ಕೋಡ್. ಹುಬ್ಬಳ್ಳಿಯ ನವನಗರದ್ದು 580025. ಅವರು ಮೊದಲು ಬಾಗಲಕೋಟೆಯಲ್ಲಿದ್ದವರು, ವರ್ಗವಾಗಿ ಒಂದು ನವನಗರದಿಂದ ಇನ್ನೊಂದು ನವನಗರಕ್ಕೆ ಬಂದಿದ್ದಾರೆ, ಫೋನು ಮಾತ್ರ ಹಳೇ ಪಿನ್ನನ್ನೇ ತಾನಾಗಿ ತುಂಬಿಬಿಟ್ಟಿದೆ. ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು, ಅಲ್ಲಿ ವಿಳಾಸ ಅಂದ್ರೆ ಸೆಕ್ಟರ್ ನಂಬರ್. ಸೆಕ್ಟರ್ ಇಲ್ಲದ ವಿಳಾಸ ಹಿಡಿದುಕೊಂಡು ಡೆಲಿವರಿ ಹುಡುಗ ಎಲ್ಲಿ ಅಂತ ಹುಡುಕಬೇಕು? ಫೋನ್ ಮಾಡಿದ್ದಾನೆ. ಅವರು ಶಾಲೆಯಲ್ಲಿ ಪಾಠ ಮಾಡ್ತಾ ಇದ್ದರು, ಗೊತ್ತಿಲ್ಲದ ನಂಬರ್ ಅಂತ ಎತ್ತಿಲ್ಲ.

ತಪ್ಪು ಯಾರದು ಅಂತ ಜಗಳ ಆಡುವುದರಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅದಕ್ಕೇ, ಪಾರ್ಸಲ್ ವಾಪಸ್ ಬಂದರೆ (ಅಥವಾ ಬರುವ ಲಕ್ಷಣ ಕಂಡರೆ) ನಾವು ಈಗ ಏನು ಮಾಡ್ತೇವೆ ಅಂತ ಒಂದೊಂದಾಗಿ ಬರೀತೀನಿ.

ವಾಪಸ್ ಹೊರಡುವ ಮೊದಲೇ ಹಿಡಿಯಿರಿ

ಜಾಸ್ತಿ ದುಡ್ಡು ಉಳಿಯೋದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ಡೆಲಿವರಿ ಆಗದಿದ್ದರೆ ಕೊರಿಯರ್‌ನವರು ಟ್ರ್ಯಾಕಿಂಗ್‌ನಲ್ಲಿ ಒಂದು ಕಾರಣ ಬರೀತಾರೆ. ಇದಕ್ಕೆ ಅವರ ಭಾಷೆಯಲ್ಲಿ ಎನ್‌ಡಿಆರ್ ಅಂತ ಹೆಸರು. ವಿಳಾಸ ಸಾಲದು, ಫೋನ್ ಎತ್ತುತ್ತಿಲ್ಲ, ಬಾಗಿಲು ಹಾಕಿದೆ, ಬೇಡ ಅಂದರು, ಹೀಗೆ. ಸಾಮಾನ್ಯವಾಗಿ ಮೂರು ಸಲದವರೆಗೆ ಪ್ರಯತ್ನ ಮಾಡ್ತಾರೆ, ಆಮೇಲೆ ಆರ್‌ಟಿಓ. ನಮ್ಮಲ್ಲಿ ಆರ್‌ಟಿಓ ಅಂದ್ರೆ ಲೈಸೆನ್ಸ್ ಮಾಡಿಸೋ ಆಫೀಸು, ಇವರ ಬಾಯಲ್ಲಿ ಅದು "ಕಳಿಸಿದವರಿಗೇ ವಾಪಸ್". ಮೊದಲ ಸಲ ಈ ಮೆಸೇಜ್ ಬಂದಾಗ ಅಪ್ಪ ನನ್ನ ಬೈಕಿನ ಕಡೆ ನೋಡಿ "ಏನ್ ಕೇಸ್ ಮಾಡ್ಕೊಂಡು ಬಂದಿ?" ಅಂತ ಕೇಳಿದ್ದರು.

ಒಮ್ಮೆ ಆರ್‌ಟಿಓ ಅಂತ ಮಾರ್ಕ್ ಆದ ಪಾರ್ಸಲನ್ನು ನಡುದಾರಿಯಲ್ಲಿ ನಿಲ್ಲಿಸೋದು ಹೆಚ್ಚುಕಡಿಮೆ ಆಗದ ಮಾತು. ಮೊದಲ ಪ್ರಯತ್ನ ತಪ್ಪಿದ್ದಕ್ಕೂ ಆ ಮಾರ್ಕಿಗೂ ನಡುವೆ ಸಿಗುವ ಒಂದೆರಡು ದಿನವೇ ನಿಮ್ಮ ಕೈಯಲ್ಲಿರೋದು. ಹಾಗಾಗಿ ದಿನಾ ಸಂಜೆ, ಹೊರಗಿರುವ ಎಲ್ಲಾ ಪಾರ್ಸಲ್‌ಗಳ ಟ್ರ್ಯಾಕಿಂಗ್ ಒಮ್ಮೆ ನೋಡಿ. ನಾನು ಆರು ಗಂಟೆಯ ಚಹಾದ ಜೊತೆ ನೋಡ್ತೀನಿ. ಡೆಲಿವರಿ ಹುಡುಗರ ಸುತ್ತು ಆಗ ಮುಗೀತಾ ಬಂದಿರುತ್ತೆ, ಮರುದಿನದ ಸುತ್ತಿಗೆ ಸರಿ ಮಾಡೋಕೆ ರಾತ್ರಿ ಇರುತ್ತೆ.

ಟ್ರ್ಯಾಕಿಂಗ್‌ನಲ್ಲಿ ಇಂಥ ಕಾರಣ ಕಂಡರೆ ಗಿರಾಕಿಗೆ ಮೆಸೇಜ್ ಅಲ್ಲ, ಫೋನ್ ಮಾಡಿ. ಎತ್ತದಿದ್ದರೆ ಮೆಸೇಜ್ ಹಾಕಿ ಮತ್ತೆ ಫೋನ್ ಮಾಡಿ. ಗುರುತು ಏನು, ಇನ್ನೊಂದು ಫೋನ್ ನಂಬರ್ ಇದೆಯಾ, ನಾಳೆ ಮನೆಯಲ್ಲಿ ಯಾರಿರ್ತಾರೆ, ಇಷ್ಟನ್ನು ಕೇಳಿ ಕೊರಿಯರ್‌ನವರ ಪೋರ್ಟಲ್‌ನಲ್ಲಿ ತುಂಬಿ ಮತ್ತೊಮ್ಮೆ ಡೆಲಿವರಿಗೆ ಹಾಕಿ. ಪಾರ್ಸಲ್ ಇರುವ ಊರಿನ ಕೊರಿಯರ್ ಆಫೀಸಿನ ನಂಬರ್ ಸಿಕ್ಕರೆ ನೇರವಾಗಿ ಅಲ್ಲಿಗೇ ಮಾತಾಡಿ. ಕಾಲ್ ಸೆಂಟರಿನ ಹತ್ತು ನಿಮಿಷದ ಸಂಗೀತಕ್ಕಿಂತ ಅಲ್ಲಿನ ಹುಡುಗನ ಜೊತೆ ಆಡಿದ ಎರಡು ಮಾತು ಮೇಲು. "ಅಣ್ಣಾರ, ಆ ಮನಿ ಹನುಮಪ್ಪನ ಗುಡಿ ಹಿಂದ ಐತ್ರಿ, ನೀಲಿ ಗೇಟು" ಅಂದರೆ ಕೆಲಸ ಮುಗೀತು.

ಒಂದು ಮಾತ್ರ ಗೊತ್ತಿರಲಿ. ಗುರುತು, ಫೋನು, ಸಮಯ ಬದಲಿಸಬಹುದು, ಬೇರೆ ಊರಿನ ಪಿನ್ ಕೋಡ್ ಹಾಕೋಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಪಾರ್ಸಲ್ ಯಾವ ಗಾಡಿ ಹತ್ತಬೇಕು ಅಂತ ತೀರ್ಮಾನ ಆಗೋದೇ ಲೇಬಲ್ ಮೇಲಿನ ಪಿನ್ ನೋಡಿ. ಪಿನ್ನೇ ತಪ್ಪಾದರೆ ಡಬ್ಬಿ ಬೇರೆ ಊರಲ್ಲಿ ಕೂತಿರುತ್ತೆ, ಅಲ್ಲಿಂದ ಅದು ನಿಮ್ಮ ಮನೆಗೆ ಬಂದು ಹೊಸ ಲೇಬಲ್ ಹಚ್ಚಿಸಿಕೊಂಡೇ ಹೋಗಬೇಕು. ಇಂಥದ್ದಕ್ಕೆ ಮೂರು ಸಲ ಮರುಪ್ರಯತ್ನ ಹಾಕಿಸಿ ದಿನ ಕಳೀಬೇಡಿ. ಬೇಗ ವಾಪಸ್ ಬರಲಿ ಅಂತ ನೀವೇ ಹೇಳಿ. ತಿನ್ನುವ ಸಾಮಾನು ಇದ್ದರಂತೂ ಒಂದೊಂದು ದಿನಕ್ಕೂ ಬೆಲೆ ಇದೆ.

ಡಬ್ಬಿ ಬಂತು. ಸಹಿ ಹಾಕೋಕೆ ಅವಸರ ಬೇಡ

ವಾಪಸ್ ತಂದ ಹುಡುಗನಿಗೆ ಅವಸರ ಇರುತ್ತೆ. ನಿಮಗೆ ಇರಬಾರದು. ಮೊದಲು ಲೇಬಲ್ ಮೇಲಿನ ನಂಬರ್ ನಿಮ್ಮ ಲಿಸ್ಟಿನಲ್ಲಿದೆಯಾ ನೋಡಿ. ಆಮೇಲೆ ಡಬ್ಬಿಯ ಆರೂ ಮುಖ ನೋಡಿ. ನಿಮ್ಮ ಟೇಪಿನ ಮೇಲೆ ಇನ್ನೊಂದು ಟೇಪು ಬಂದಿದೆಯಾ? ಮೂಲೆ ಒದ್ದೆಯಾಗಿದೆಯಾ? ಹಾಗಿದ್ದರೆ ಸಹಿಯ ಜೊತೆಗೇ "ಡಬ್ಬಿ ಹರಿದಿದೆ" ಅಂತ ಬರೀರಿ, ಬರೆಯೋಕೆ ಜಾಗ ಕೊಡದಿದ್ದರೆ ಆ ಹುಡುಗನ ಎದುರೇ ಫೋಟೋ ತೆಗೀರಿ. ಕೆಲವರು ವಾಪಸ್ ಕೊಡುವಾಗ ಓಟಿಪಿ ಕೇಳ್ತಾರೆ. ಡಬ್ಬಿ ಕೈಗೆ ಬರುವವರೆಗೆ ಕೊಡಬೇಡಿ. ಫೋನಿನಲ್ಲಿ "ನಾಳೆ ತರ್ತೀನಿ, ಇವತ್ತು ಓಟಿಪಿ ಹೇಳ್ರಿ" ಅಂದರೆ ಆಗಲ್ಲ ಅನ್ನಿ.

ಬಿಚ್ಚುವ ಮೊದಲು ತಕ್ಕಡಿ ಮೇಲಿಟ್ಟು ತೂಕದ ಸಮೇತ ಫೋಟೋ. ಬಿಚ್ಚುವಾಗ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ, ಶುರುವಿನಲ್ಲಿ ಲೇಬಲ್ ಕಾಣಬೇಕು. ನನ್ನ ತಂಗಿ ವಿಡಿಯೋ ಮಾಡ್ತಾಳೆ, ನಾನು ಕೊಯ್ತೀನಿ. ಸೀರೆ ಇಟ್ಟ ಡಬ್ಬಿಯಿಂದ ಹಳೇ ಪೇಪರ್ ಹೊರಬಿದ್ದ ದಿನ ಒಂದಿತ್ತು. ಆ ದಿನ ವಿಡಿಯೋ ಇರಲಿಲ್ಲ, ದುಡ್ಡೂ ಬರಲಿಲ್ಲ.

ಇನ್ನು ಸಾಮಾನು. ಬಟ್ಟೆಯಾದರೆ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಮೂಸಿ ನೋಡಿ, ಅರ್ಧ ದಿನ ನೆರಳಲ್ಲಿ ಹರವಿ. ಚಟ್ನಿಪುಡಿಯ ಜೊತೆ ಖಣ ಇಟ್ಟು ಕಳಿಸುವ ದಡ್ಡತನ ಮಾಡಬೇಡಿ. ನವನಗರದ ಡಬ್ಬಿಯಲ್ಲಿ ಎರಡು ಖಣ ಇದ್ದವು, ಹನ್ನೊಂದು ದಿನದಲ್ಲಿ ಬೆಳ್ಳುಳ್ಳಿ ವಾಸನೆ ನೂಲಿನೊಳಗೆ ಇಳಿದಿತ್ತು, ಮೂರು ದಿನ ಗಾಳಿಗೆ ಹಾಕಿದರೂ ಹೋಗಲಿಲ್ಲ. ತಿನ್ನುವ ಸಾಮಾನಿನ ಬಗ್ಗೆ ನಮ್ಮದು ಒಂದೇ ಮಾತು: ಮನೆ ಬಿಟ್ಟು ಹೋಗಿ ಬಂದದ್ದು ಇನ್ನೊಬ್ಬ ಗಿರಾಕಿಗೆ ಹೋಗಲ್ಲ. ಸೀಲು ಹಾಗೇ ಇರಲಿ, ತಾರೀಖು ಇನ್ನೂ ಉಳಿದಿರಲಿ. ತಗಡಿನ ಶೆಡ್ಡಿನಲ್ಲಿ ಎಷ್ಟು ಬಿಸಿಲಿಗೆ ಬೆಂದಿದೆ, ಯಾವ ಸೋಪಿನ ಡಬ್ಬಿಯ ಪಕ್ಕ ಮಲಗಿತ್ತು, ನಮಗೇನು ಗೊತ್ತು?

ಗಿರಾಕಿಗೆ ಬೈಯುವ ಮೊದಲು ನಿಮ್ಮ ಫೋನ್ ತೆಗೆದು ನೋಡಿ

ಇದನ್ನು ನಾಚಿಕೆ ಬಿಟ್ಟು ಹೇಳ್ತೀನಿ. ಒಮ್ಮೆ ಹಾವೇರಿಗೆ ಹೋಗಬೇಕಿದ್ದ ಸೀರೆ ವಾಪಸ್ ಬಂತು. ಆ ಅಕ್ಕನಿಗೆ ಫೋನ್ ಮಾಡಿ, ಸ್ವಲ್ಪ ಜೋರಾಗಿಯೇ, ವಿಳಾಸ ಸರಿಯಾಗಿ ಬರೀಬಾರದಾ ಅಂದೆ. ಅವರು ಸುಮ್ನೆ ತಮ್ಮ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದರು. ಅದರಲ್ಲಿ 581110 ಅಂತ ಸರಿಯಾಗೇ ಇತ್ತು. ನಾನು ಕೈಯಿಂದ ಟೈಪ್ ಮಾಡುವಾಗ 581101 ಮಾಡಿದ್ದೆ.

ಗಿರಾಕಿ ಬರೆದದ್ದು, ನಿಮ್ಮ ಪುಸ್ತಕದಲ್ಲಿರೋದು, ಲೇಬಲ್ ಮೇಲಿರೋದು, ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಓದಿ. ತಪ್ಪು ನಿಮ್ಮದಾದರೆ ಎರಡೂ ಕಡೆಯ ಬಾಡಿಗೆ ನಿಮ್ಮದು, ಕ್ಷಮೆ ಕೇಳಿ ಅವತ್ತೇ ಮತ್ತೆ ಕಳಿಸಿ. ವಿಳಾಸ ಸರಿ ಇದ್ದೂ ಕೊರಿಯರ್‌ನವರು ಹೋಗದೇ "ಬಾಗಿಲು ಹಾಕಿದೆ" ಅಂತ ಬರೆದಿದ್ದರೆ (ಇದೂ ಆಗುತ್ತೆ) ಗಿರಾಕಿಯಿಂದ ಒಂದು ಮೆಸೇಜ್ ತಗೊಳ್ಳಿ: ಆ ದಿನ ನಾನು ಮನೆಯಲ್ಲೇ ಇದ್ದೆ, ಫೋನ್ ಬಂದಿಲ್ಲ ಅಂತ. ಅದನ್ನು ಹಾಕಿ ಕೊರಿಯರ್‌ನವರ ಹತ್ತಿರ ವಾಪಸ್ ಬಾಡಿಗೆಗೆ ತಕರಾರು ಎತ್ತಿ. ಈ ತಕರಾರಿಗೆ ಅವಧಿ ಇರುತ್ತೆ, ತಡ ಮಾಡಿದರೆ ಹೋಯ್ತು.

ಇಷ್ಟೆಲ್ಲಾ ನೋಡಿದ ಮೇಲೂ ತಪ್ಪು ಗಿರಾಕಿಯದೇ ಅಂತಾದರೆ ಮುಂದೆ ಓದಿ.

ಮಾತು ಹೇಗೆ ತೆಗೀಬೇಕು

ತಪ್ಪು ಪಿನ್ ಹಾಕಿದವರು ಬೇಕಂತ ಹಾಕಿರಲ್ಲ. ಮುಂಚೆ ದುಡ್ಡು ಕೊಟ್ಟವರಂತೂ ಖಂಡಿತ ಇಲ್ಲ, ಅವರ ದುಡ್ಡೂ ಸಿಕ್ಕಿಹಾಕಿಕೊಂಡಿದೆಯಲ್ಲ. "ನೀವು ತಪ್ಪು ಕೊಟ್ಟಿದ್ದೀರಿ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಕೆಡುತ್ತೆ. ನಾನು ಲೇಬಲ್ಲಿನ ಫೋಟೋ, ಅವರ ಮೆಸೇಜಿನ ಸ್ಕ್ರೀನ್‌ಶಾಟ್ ಎರಡನ್ನೂ ಕಳಿಸಿ ಇಷ್ಟು ಬರೀತೀನಿ:

"ನಮಸ್ಕಾರ್ರಿ ಅಕ್ಕಾರ. ನಿಮ್ಮ ಪಾರ್ಸಲ್ ಇವತ್ತು ನಮ್ಮ ಕಡೆ ವಾಪಸ್ ಬಂದಿದೆ. ಲೇಬಲ್ ಮೇಲೆ ಪಿನ್ 587103 ಇದೆ, ಇದು ಸರಿ ಇದೆಯಾ ನೋಡಿ ಹೇಳ್ರಿ. ಮತ್ತೆ ಕಳಿಸಬೇಕಂದ್ರೆ ಬಾಡಿಗೆ ಇಷ್ಟಾಗುತ್ತೆ. ಬೇಡ ಅಂದ್ರೆ ಹೋಗಿ ಬಂದ ಬಾಡಿಗೆ ಕಳೆದು ಉಳಿದದ್ದನ್ನ ನೀವು ಕಳಿಸಿದ ಯುಪಿಐಗೇ ಹಾಕ್ತೀನಿ. ಏಳು ದಿನದೊಳಗ ತಿಳಿಸ್ರಿ."

ದಾರಿ ಎರಡನ್ನೂ, ರೂಪಾಯಿಯನ್ನೂ, ಗಡುವನ್ನೂ ಒಂದೇ ಮೆಸೇಜಿನಲ್ಲಿ ಹೇಳಿಬಿಡಬೇಕು. ಬಾಡಿಗೆ ಎಷ್ಟು ಅಂತ ಅಂಕಿ ಹಾಕದೆ "ಸ್ವಲ್ಪ ಚಾರ್ಜ್ ಆಗುತ್ತೆ" ಅಂದರೆ ಮುಂದಿನ ಅರ್ಧ ದಿನ ಅದರ ಮೇಲೆಯೇ ಹೋಗುತ್ತೆ. ಮತ್ತೆ, ಎರಡನೇ ಬಾಡಿಗೆ ಕೈಗೆ ಬರದೆ ಡಬ್ಬಿ ಮನೆ ಬಿಡಬಾರದು. "ಕಳಿಸ್ರಿ, ಆಮೇಲೆ ಹಾಕ್ತೀನಿ" ಅಂದವರಲ್ಲಿ ಹಾಕಿದವರು ಕಡಿಮೆ. ನೆಂಟರಲ್ಲಂತೂ ಇನ್ನೂ ಕಡಿಮೆ.

ಕ್ಯಾಶ್ ಆನ್ ಡೆಲಿವರಿ ಕಥೆ ಬೇರೆ. ಅಲ್ಲಿ ಗಿರಾಕಿಯ ಒಂದು ಪೈಸೆಯೂ ನಿಮ್ಮ ಹತ್ತಿರ ಇಲ್ಲ, ಎರಡೂ ಕಡೆಯ ಬಾಡಿಗೆ ನಿಮ್ಮ ತಲೆ ಮೇಲೆ. ಅರ್ಧ ವಿಳಾಸ, ಎತ್ತದ ಫೋನು, ಮೇಲೆ ಕ್ಯಾಶ್ ಆನ್ ಡೆಲಿವರಿ, ಮೂರೂ ಕೂಡಿದ್ದರೆ ಅದು ಹೆಚ್ಚಿನ ಸಲ ಮನಸ್ಸು ಬದಲಾಯಿಸಿದ ಗಿರಾಕಿ. ಎರಡನೇ ಸಲ ಕಳಿಸೋದಾದರೆ ಪೂರ್ತಿ ದುಡ್ಡು ಮುಂಚೆ ತಗೊಳ್ಳಿ. ಕೊಡಲ್ಲ ಅಂದರೆ ಬಿಡಿ, ಆ ಸೀರೆಗೆ ಬೇರೆ ಹೆಗಲು ಸಿಗುತ್ತೆ.

ಬಾಡಿಗೆ ಕಳೆಯುವ ಹಕ್ಕು ನಮಗಿದೆಯಾ ಅಂತ ಹಲವರು ಕೇಳ್ತಾರೆ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷದ ಮಾಲು, ಹೇಳಿದ್ದಕ್ಕಿಂತ ಬೇರೆ ಮಾಲು, ಹೇಳಿದ ದಿನಕ್ಕಿಂತ ತಡವಾಗಿ ಹೋದ ಮಾಲು ಇವನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ತಪ್ಪು ವಿಳಾಸದಿಂದ ತಿರುಗಿ ಬಂದದ್ದು ಆ ಸಾಲಿನದಲ್ಲ. ಆದರೆ ವಾಪಸಾತಿ, ರೀಫಂಡ್ ಹೇಗೆ ಅಂತ ಕೊಳ್ಳುವ ಮೊದಲೇ ತಿಳಿಸಿರಬೇಕು ಅಂತಲೂ ಅದೇ ನಿಯಮ ಹೇಳುತ್ತೆ. ನಾವು ಕ್ಯಾಟಲಾಗಿನ ಕೆಳಗೆ, ಆರ್ಡರ್ ಒಪ್ಪುವ ಮೆಸೇಜಿನಲ್ಲಿ, ಎರಡೂ ಕಡೆ ಒಂದು ಸಾಲು ಹಾಕಿದ್ದೇವೆ: ವಿಳಾಸ ತಪ್ಪಿದ್ದರಿಂದ ಪಾರ್ಸಲ್ ವಾಪಸ್ ಬಂದರೆ ಹೋಗಿ ಬರುವ ಬಾಡಿಗೆ ಕೊಳ್ಳುವವರದು. ಮೊದಲೇ ಬರೆದಿಟ್ಟ ಸಾಲಿಗೆ ಯಾರೂ ಸಿಟ್ಟಾಗಲ್ಲ.

ಬಾಡಿಗೆ ಅಷ್ಟ್ಯಾಕೆ ಬಂತು? ಅಳತೆ ಹಿಡಿದು ನೋಡಿ

ರೊಟ್ಟಿ ಕಳಿಸುವವರು ಇದನ್ನು ಎರಡು ಸಲ ಓದಿ. ಕೊರಿಯರ್‌ನವರು ತಕ್ಕಡಿ ತೂಕ ಒಂದನ್ನೇ ನೋಡಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ. ಬಂದದ್ದು ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಿಲ್ಲು. ನಮ್ಮ ರೊಟ್ಟಿ ಡಬ್ಬಿ 30, 30, 15. ಗುಣಿಸಿದರೆ 13,500, ಭಾಗಿಸಿದರೆ 2.7 ಕೆಜಿ, ಬಿಲ್ಲಿನಲ್ಲಿ 3 ಕೆಜಿ. ತಕ್ಕಡಿಯಲ್ಲಿ ಅದು ಎರಡೂ ಕಾಲು ಕೆಜಿ ದಾಟಲ್ಲ. ಹೋಗುವಾಗಲೂ ಇದೇ ಲೆಕ್ಕ, ಬರುವಾಗಲೂ ಇದೇ ಲೆಕ್ಕ. ಅಂದ್ರೆ ಒಳಗಿನ ಗಾಳಿಗೆ ನಾವು ಎರಡು ಸಲ ಟಿಕೆಟ್ ತೆಗೆಸಿದ್ದೇವೆ. ಕಳಿಸುವ ದಿನವೇ ಅಳತೆ ಟೇಪು ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಂಡರೆ ಬಿಲ್ಲಿನಲ್ಲಿ 4 ಕೆಜಿ ಅಂತ ಬಂದಾಗ ತೋರಿಸೋಕೆ ಏನಾದರೂ ಇರುತ್ತೆ.

ವಾಪಸ್ ಬಂದವುಗಳಿಗೆ ಬೇರೆಯದೇ ಒಂದು ಪುಸ್ತಕ ಇಡಿ. ಕಳಿಸಿದ ದಿನ, ಬಂದ ದಿನ, ಕಾರಣ, ಎರಡೂ ಬಾಡಿಗೆ, ಕೊನೆಗೆ ಏನಾಯ್ತು. ಕ್ಯಾಶ್ ಆನ್ ಡೆಲಿವರಿ ಚಾರ್ಜು ಹಿಡಿದಿದ್ದರೆ, ಡೆಲಿವರಿ ಆಗದ ಪಾರ್ಸಲ್‌ಗೆ ಅದನ್ನು ವಾಪಸ್ ಹಾಕಿದ್ದಾರಾ ಅಂತಲೂ ನೋಡಿ. ಜಿಎಸ್‌ಟಿ ಇರುವವರು ರೀಫಂಡ್ ಮಾಡಿದ ಮಾಲಿಗೆ ಕ್ರೆಡಿಟ್ ನೋಟ್ (ಮೊದಲಿನ ಬಿಲ್ಲಿನ ಮೊತ್ತ ಕಳೆಯುವ ಚೀಟಿ) ಮಾಡೋದು ಮರೀಬೇಡಿ, ಇಲ್ಲದಿದ್ದರೆ ಮಾರದ ಸೀರೆಗೆ ತೆರಿಗೆ ಕಟ್ಟಿದ ಹಾಗೆ. ಮಾಲು ಮಾರಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಅವಕಾಶ.

ರೀಫಂಡ್ ಹಾಕುವಾಗ ಇನ್ನೊಂದು ಎಚ್ಚರ. ದುಡ್ಡು ಯಾವ ಖಾತೆಯಿಂದ ಬಂತೋ ಅದಕ್ಕೇ ಹೋಗಬೇಕು. "ಆ ನಂಬರ್ ಬಂದ್ ಆಗಿದೆ, ನನ್ನ ತಮ್ಮನಿಗೆ ಹಾಕ್ರಿ" ಅನ್ನೋರು ಬರ್ತಾರೆ. ನಾಳೆ ನಿಜವಾದ ಗಿರಾಕಿ ಬಂದು ನನ್ನ ದುಡ್ಡೆಲ್ಲಿ ಅಂದರೆ ನೀವು ಯಾರನ್ನು ಕೇಳ್ತೀರಿ?

ಮತ್ತೆ ಕಳಿಸುವಾಗ

ಹಳೇ ಲೇಬಲ್ ಕಿತ್ತು ಹಾಕಿ. ಕೀಳಲು ಬರದಿದ್ದರೆ ಬಾರ್‌ಕೋಡ್ ಮೇಲೆ ಕರೀ ಮಾರ್ಕರ್ ತಿಕ್ಕಿ, ಮೇಲೆ ಬಿಳಿ ಹಾಳೆ ಅಂಟಿಸಿ. ಇದು ಅಂದಕ್ಕಲ್ಲ. ಸ್ಕ್ಯಾನರ್ ಯಾವ ಬಾರ್‌ಕೋಡ್ ಮೊದಲು ಕಾಣುತ್ತೋ ಅದನ್ನೇ ಓದುತ್ತೆ. ಹಳೇದನ್ನು ಓದಿತು ಅಂದ್ರೆ ಡಬ್ಬಿ ಮತ್ತೆ ನಿಮ್ಮ ಬಾಗಿಲಿಗೇ. ಡಬ್ಬಿಯ ಮೂಲೆ ಮೆತ್ತಗಾಗಿದ್ದರೆ ಹೊಸ ಡಬ್ಬಿ ಹಾಕಿ, ಹತ್ತಿಪ್ಪತ್ತು ರೂಪಾಯಿಗೆ ಹಿಂದೆಮುಂದೆ ನೋಡಬೇಡಿ.

ಹೊಸ ವಿಳಾಸವನ್ನು ಫೋನಿನಲ್ಲಿ ಕೇಳಿ ನೀವು ಬರೆದುಕೊಳ್ಳಬೇಡಿ, ಗಿರಾಕಿಯೇ ಬರೆದು ಕಳಿಸಲಿ. ಅದನ್ನು ಕಾಪಿ ಮಾಡಿ ಲೇಬಲ್ಲಿಗೆ ಹಾಕಿ, ಆ ಲೇಬಲ್ಲಿನ ಫೋಟೋ ಅವರಿಗೆ ಕಳಿಸಿ, "ಸರಿ ಇದೆ" ಅಂತ ಉತ್ತರ ಬಂದ ಮೇಲೆಯೇ ಡಬ್ಬಿ ಹೊರಡಲಿ.

ಹತ್ತಿರದ ಊರಾದರೆ ಕೊರಿಯರ್ ಬಿಟ್ಟು ಬೇರೆ ದಾರಿಯೂ ಇದೆ. ಸಾರಿಗೆ ಬಸ್ಸಿನ "ನಮ್ಮ ಕಾರ್ಗೋ" ಪಾರ್ಸಲ್ ಸೇವೆ 2021ರಲ್ಲಿ ಶುರುವಾಯ್ತು, ನಮ್ಮ ವಾಯವ್ಯ ಸಾರಿಗೆಯಲ್ಲೂ ಇದೆ. ಬಸ್ ನಿಲ್ದಾಣದ ಕೌಂಟರಿನಲ್ಲಿ ಕೊಟ್ಟರೆ ಆ ಊರಿನ ಕೌಂಟರಿನಿಂದ ಗಿರಾಕಿ ಬಂದು ಬಿಡಿಸಿಕೊಳ್ತಾರೆ. ವಿಳಾಸದ ಗೊಡವೆಯೇ ಇಲ್ಲ. ಪಾರ್ಸಲ್ ಅನ್ನೋದು ನಮ್ಮ ಗದಗಿಗೆ ಹೊಸದೇನಲ್ಲ ಬಿಡಿ, ದೇಶದ ತುಂಬಾ ಲಾರಿ ಓಡಿಸುವ ವಿಆರ್‌ಎಲ್ 1976ರಲ್ಲಿ ಒಂದೇ ಲಾರಿಯಿಂದ ಶುರುವಾದದ್ದು ಇದೇ ಊರಲ್ಲಿ. ಗೋಡೌನಿಗೆ ಹೋಗಿ ಬಿಡಿಸಿಕೊಂಡು ಬರೋದು ನಮ್ಮ ಅಪ್ಪಂದಿರಿಗೆ ಮಾಮೂಲು ಕೆಲಸ. ಮನೆ ಬಾಗಿಲಿಗೇ ಬರಲಿ ಅನ್ನೋದು ನಮ್ಮ ಕಾಲದ ಚಟ.

ನವನಗರದ ಟೀಚರ್‌ಗೆ ಕೊನೆಗೆ ಹೋದದ್ದೂ ಬಸ್ಸಿನಲ್ಲೇ. ಪಿನ್ ತಪ್ಪು ಅವರದು, ಊರು ಯಾವುದು ಅಂತ ಕೇಳದ ತಪ್ಪು ನನ್ನದು. ವಾಪಸ್ ಬಂದ ಬಾಡಿಗೆ 115 ರೂಪಾಯಿ, ಜೊತೆಗೆ ಬಸ್ಸಿನ ಚಾರ್ಜು ಅವರು ಕೊಟ್ಟರು. ರೊಟ್ಟಿ, ಚಟ್ನಿಪುಡಿ ನಾವು ಹೊಸದಾಗಿ ಮಾಡಿ ಇಟ್ಟೆವು, ಖಣ ಎರಡೂ ಬೇರೆ ಕವರಿನಲ್ಲಿ. ಬೆಳ್ಳುಳ್ಳಿ ವಾಸನೆಯ ಖಣ ಈಗಲೂ ನಮ್ಮನೆಯಲ್ಲೇ ಇದೆ, ತಂಗಿ ಅದರಲ್ಲಿ ಪರ್ಸ್ ಹೊಲೀತೀನಿ ಅಂತ ಹೇಳಿ ನಾಲ್ಕು ತಿಂಗಳಾಯ್ತು.

ಫೋನೇ ಎತ್ತದವರು

ದುಡ್ಡು ಕೊಟ್ಟು ಮಾಯವಾಗುವವರೂ ಇದ್ದಾರೆ, ಆಶ್ಚರ್ಯ ಆದರೂ ನಿಜ. ಫೋನು, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಕಡೆ ಹೇಳಿ, ತಾರೀಖು ಬರೆದಿಡಿ. ಬಟ್ಟೆಯನ್ನು ನಾವು ಒಂದು ತಿಂಗಳು ಹೆಸರು ಬರೆದು ಕಪಾಟಿನಲ್ಲಿ ಇಡ್ತೀವಿ. ಆಮೇಲೂ ಸುದ್ದಿ ಇಲ್ಲದಿದ್ದರೆ ಬಾಡಿಗೆ ಕಳೆದು ಉಳಿದದ್ದನ್ನು ಬಂದ ಖಾತೆಗೇ ಹಾಕಿ, ಅದರ ಸ್ಕ್ರೀನ್‌ಶಾಟ್ ಕಳಿಸಿ ಬಿಡ್ತೀವಿ. ಕೇಳೋಕೆ ಯಾರೂ ಬರ್ತಿಲ್ಲ, ಇಟ್ಟುಕೋ ಅಂತ ಗೆಳೆಯರು ಹೇಳ್ತಾರೆ. ಮಾಲೂ ನಮ್ಮ ಹತ್ತಿರ, ದುಡ್ಡೂ ನಮ್ಮ ಹತ್ತಿರ ಅಂದ್ರೆ ಅವ್ವ ಊಟಕ್ಕೆ ಹಾಕಲ್ಲ.

ವಿಳಾಸ ಕೇಳುವ ರೀತಿ

"ಅಡ್ರೆಸ್ ಕಳಿಸ್ರಿ" ಅಂದರೆ "ವಿದ್ಯಾನಗರ, ಗಣಪತಿ ಗುಡಿ ಹತ್ತಿರ" ಅಂತ ಬರುತ್ತೆ. ವಿದ್ಯಾನಗರ ಹುಬ್ಬಳ್ಳಿಯಲ್ಲಿದೆ, ಹಾವೇರಿಯಲ್ಲಿದೆ, ದಾವಣಗೆರೆಯಲ್ಲಿದೆ. ಗಣಪತಿ ಗುಡಿ ಇಲ್ಲದ ಊರು ಯಾವುದು? ಒಂದೇ ಹೆಸರಿನ ಊರುಗಳ ಈ ಗೊಂದಲ ತಪ್ಪಿಸಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದದ್ದು, ಶ್ರೀರಾಮ ಭಿಕಾಜಿ ವೇಲಣಕರ್ ಅನ್ನುವ ಅಂಚೆ ಅಧಿಕಾರಿಯ ಕೆಲಸ ಅದು. ಮೊದಲ ಅಂಕಿ 5 ಇದ್ದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಮೂರು ಅಂಕಿ ನೋಡಿದರೆ ಯಾವ ಕಡೆಯ ಪತ್ರ ಅಂತ ಗೊತ್ತಾಗುತ್ತೆ: 580 ಹುಬ್ಬಳ್ಳಿ-ಧಾರವಾಡ, 582 ಗದಗ, 587 ಬಾಗಲಕೋಟೆ. ಕೊನೆಯ ಮೂರು ಅಂಚೆ ಕಚೇರಿಯ ಗುರುತು. ಇಷ್ಟು ತಲೆಯಲ್ಲಿದ್ದರೆ ಲೇಬಲ್ ಬರೆಯುವಾಗಲೇ ಅರ್ಧ ತಪ್ಪು ಕಣ್ಣಿಗೆ ಬೀಳುತ್ತೆ. ಹಾಗಂತ ಜಿಲ್ಲೆ ನೋಡಿ ಪಿನ್ ತಿದ್ದೋಕೆ ಹೋಗಬೇಡಿ. ನವಲಗುಂದ ಧಾರವಾಡ ಜಿಲ್ಲೆ, ಪಿನ್ ಮಾತ್ರ 582208. ಅನುಮಾನ ಬಂದರೆ ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ, ಗಿರಾಕಿಯನ್ನೂ ಕೇಳಿ.

ಈಗ ನಾನು ಹೀಗೆ ಕೇಳ್ತೀನಿ. ಮನೆ ನಂಬರು, ಯಾವ ಕ್ರಾಸು ಅಥವಾ ಓಣಿ, ಬಡಾವಣೆ, ಊರು, ತಾಲೂಕು, ಪಿನ್, ಕಣ್ಣಿಗೆ ಕಾಣುವ ಒಂದು ಗುರುತು, ಹಗಲಲ್ಲಿ ಎತ್ತುವ ಎರಡು ಫೋನ್ ನಂಬರ್. ಒಂದೊಂದು ಒಂದೊಂದು ಸಾಲಿನಲ್ಲಿ. ಖಾಲಿ ಸಾಲುಗಳ ಮೆಸೇಜ್ ಮೊದಲೇ ಮಾಡಿಟ್ಟು ಕಳಿಸಿದರೆ ಜನ ತುಂಬಿ ಕಳಿಸ್ತಾರೆ. ಹುಬ್ಳಿ ಅಂತ ಬರೀಲಿ, ಹುಬ್ಬಳ್ಳಿ ಅಂತ ಬರೀಲಿ ತೊಂದರೆ ಇಲ್ಲ, 2014ರಲ್ಲಿ ಸರ್ಕಾರ ಹೆಸರು ಬದಲಿಸಿದ ಮೇಲೂ ಎರಡೂ ನಡೆಯುತ್ತೆ. ಫೋನ್ ನಂಬರಿನ ಒಂದು ಅಂಕಿ ತಪ್ಪಿದರೆ ಮಾತ್ರ ಕೆಲಸ ಕೆಡ್ತು. ಮನೆ ನಂಬರ್ ತಪ್ಪಿದರೂ ಫೋನ್ ಸರಿ ಇದ್ದರೆ ಪಾರ್ಸಲ್ ತಲುಪುತ್ತೆ ಅನ್ನೋದು ನನ್ನ ಅನುಭವ.

ಹಳ್ಳಿ, ತೋಟದ ಮನೆ, ಹೊಸ ಲೇಔಟ್ ಆದರೆ ವಾಟ್ಸಾಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ, ದೇಶವನ್ನು ಸುಮಾರು 4 ಮೀಟರ್ ಉದ್ದ 4 ಮೀಟರ್ ಅಗಲದ ಚೌಕಗಳಾಗಿ ಮಾಡಿ ಒಂದೊಂದಕ್ಕೂ 10 ಅಕ್ಷರದ ಗುರುತು ಕೊಟ್ಟಿದ್ದಾರೆ. ಹೊಲದ ನಡುವಿನ ಮನೆಗೂ ಒಂದು ಗುರುತು ಸಿಗುತ್ತೆ. ನಮ್ಮ ಕಡೆ ಡೆಲಿವರಿ ಹುಡುಗರಿಗೆ ಇನ್ನೂ ನೀಲಿ ಗೇಟೇ ಬೇಗ ಅರ್ಥ ಆಗೋದು, ಹಾಗಾಗಿ ಎರಡನ್ನೂ ಬರೀರಿ.

ನಿಮ್ಮ ವಿಳಾಸವನ್ನೂ ದಪ್ಪ ಅಕ್ಷರದಲ್ಲಿ ಬರೀರಿ, ಒಳಗೆ ಒಂದು ಚೀಟಿಯಲ್ಲೂ ಹಾಕಿ. ಮೇಲಿನ ಲೇಬಲ್ ಕಿತ್ತು ಹೋದರೆ ಡಬ್ಬಿಗೆ ತನ್ನ ಮನೆ ಯಾವುದು ಅಂತ ಹೇಳೋಕೆ ಅದೊಂದೇ ಇರೋದು.

ಇನ್ನೊಂದು ಉಳೀತು. ಗಿರಾಕಿಗಳಿಗೂ ಹೇಳಿಡಿ, ನೀವೂ ಹುಷಾರಾಗಿರಿ. "ವಿಳಾಸ ತಪ್ಪಾಗಿದೆ, ಪಾರ್ಸಲ್ ವಾಪಸ್ ಹೋಗುತ್ತೆ, 12 ಗಂಟೆಯೊಳಗೆ ಈ ಲಿಂಕ್ ಒತ್ತಿ ಸರಿ ಮಾಡಿ" ಅಂತ ಅಂಚೆ ಇಲಾಖೆಯ ಹೆಸರಲ್ಲಿ ಮೆಸೇಜ್ ಬರುತ್ತೆ. ಅದು ಮೋಸ. ಲಿಂಕ್ ಒತ್ತಿದರೆ ಕಾರ್ಡ್ ನಂಬರ್ ಕೇಳ್ತಾರೆ. ನಾವು ಆರ್ಡರ್ ಒಪ್ಪಿದ ಕೂಡಲೇ "ವಿಳಾಸದ ಬಗ್ಗೆ ಏನೇ ಇದ್ದರೂ ಇದೇ ನಂಬರಿನಿಂದ ನಾವೇ ಫೋನ್ ಮಾಡ್ತೀವಿ, ಲಿಂಕ್ ಕಳಿಸಲ್ಲ" ಅಂತ ಬರೀತೀವಿ. ಯಾರಾದರೂ ಒತ್ತಿ ದುಡ್ಡು ಕಳ್ಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಹೇಳಿ.